ಗೆದ್ದ ಹನ್ನೊಂದನ್ನು ಮುಟ್ಟಬಾರದೇ?

ಗೆದ್ದ ತಂಡವನ್ನು ಬದಲಿಸಬಾರದು ಎಂಬ ಮಾತಿಗೆ ಫುಟ್‌ಬಾಲ್‌ನಲ್ಲಿ ಯಾರೂ ಆಧಾರ ಕೇಳುವುದಿಲ್ಲ. ಕೇಳಿದರೆ 1966ರ ವಿಶ್ವಕಪ್‌ನ ಇಂಗ್ಲೆಂಡಿನತ್ತ ಕೈ ತೋರಿಸುತ್ತಾರೆ. ಗಾಯಗೊಂಡ ಜಿಮ್ಮಿ ಗ್ರೀವ್ಸ್ ಜಾಗಕ್ಕೆ ಬಂದ ಜೆಫ್ ಹರ್ಸ್ಟ್ ಕ್ವಾರ್ಟರ್ ಫೈನಲ್‌ನಲ್ಲಿ ಗೋಲು ಹೊಡೆದ. ಗ್ರೀವ್ಸ್ ಚೇತರಿಸಿಕೊಂಡರೂ ಕೋಚ್ ಆಲ್ಫ್ ರಾಮ್ಸೆ ತಂಡವನ್ನು ಮುಟ್ಟಲಿಲ್ಲ; ಫೈನಲ್‌ನಲ್ಲಿ ಹರ್ಸ್ಟ್‌ನದೇ ಮೂರು ಗೋಲು. ನಿಜ, ಆದರೆ ಇದು ಅರ್ಧ ಕಥೆ. ಅದೇ ರಾಮ್ಸೆ ಮೊದಲ ಮೂರು ಪಂದ್ಯಗಳಲ್ಲಿ ಕಾನೆಲಿ, ಪೇನ್, ಕ್ಯಾಲಹನ್ ಎಂಬ ಮೂವರು ವಿಂಗರ್‌ಗಳನ್ನು ಒಬ್ಬೊಬ್ಬರಾಗಿ ಇಳಿಸಿ ನೋಡಿದ್ದರು. ಮೆಕ್ಸಿಕೊ ವಿರುದ್ಧ ಗೆದ್ದ ಮೇಲೂ, ಫ್ರಾನ್ಸ್ ವಿರುದ್ಧ ಗೆದ್ದ ಮೇಲೂ ಬದಲಿಸಿದರು. ಕೊನೆಗೆ ವಿಂಗರ್‌ಗಳನ್ನೇ ಕೈಬಿಟ್ಟರು. ಗಾದೆಗೆ ಸಾಕ್ಷಿ ಹೇಳಬೇಕಾದವರೇ ಅದನ್ನು ಪಾಲಿಸಿರಲಿಲ್ಲ.

ಕ್ರಿಕೆಟ್‌ನಲ್ಲಿ ಚೆಂಡು ತಿರುಗುವ ಪಿಚ್ ಕಂಡರೆ ಹಿಂದಿನ ಪಂದ್ಯದಲ್ಲಿ ಮಿಂಚಿದ ವೇಗಿಯನ್ನೂ ಕೂರಿಸಿ ಸ್ಪಿನ್ನರ್‌ನನ್ನು ಆಡಿಸುತ್ತಾರೆ; ಯಾರೂ ಹುಬ್ಬೇರಿಸುವುದಿಲ್ಲ. ಫುಟ್‌ಬಾಲ್‌ನಲ್ಲಿ ಎದುರಾಳಿಯೇ ಪಿಚ್.

2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಕೋಚ್ ಲಿಯೊನೆಲ್ ಸ್ಕಾಲೊನಿ ಇದನ್ನು ತಿಳಿದು ಆಡಿಸಿದರು. ಸೌದಿ ಅರೇಬಿಯಾಕ್ಕೆ 1-2ರಿಂದ ಸೋತ ಮೇಲೆ ಐವರನ್ನು ಬದಲಿಸಿದ್ದು ದೊಡ್ಡ ಸಂಗತಿಯಲ್ಲ, ಸೋತವರು ಯಾರಾದರೂ ಬದಲಿಸುತ್ತಾರೆ. ಗೆಲ್ಲುತ್ತಿದ್ದಾಗ ಮಾಡಿದ್ದನ್ನು ನೋಡಬೇಕು. ನೆದರ್ಲೆಂಡ್ಸ್‌ನ ಡಮ್‌ಫ್ರೀಸ್ ಅಂಚಿನಿಂದ ನುಗ್ಗಿ ಹಿಂದಿನ ಪಂದ್ಯದಲ್ಲಿ ಅಮೆರಿಕವನ್ನು ಕೆಡವಿದ್ದ. ಅವರ ವಿರುದ್ಧ ಸ್ಕಾಲೊನಿ ಐವರನ್ನು ರಕ್ಷಣೆಗೆ ನಿಲ್ಲಿಸಿದರು. ಮೊಡ್ರಿಚ್, ಬ್ರೊಜೊವಿಚ್, ಕೊವಾಚಿಚ್ ಮಧ್ಯಮೈದಾನವನ್ನೇ ಆಳುತ್ತಿದ್ದ ಕ್ರೊಯೇಷಿಯಾ ಸೆಮಿಫೈನಲ್‌ನಲ್ಲಿ ಎದುರಾದಾಗ ಅಲ್ಲಿ ನಾಲ್ವರನ್ನು ಇಳಿಸಿದರು, 3-0 ಗೆಲುವು. ಅಂಥ ಗೆಲುವಿನ ಬೆನ್ನಲ್ಲೇ, ಫೈನಲ್‌ಗೆ ಪರೇದೆಸ್‌ನನ್ನು ಕೂರಿಸಿ, ಸೆಮಿಫೈನಲ್ ಆಡದಿದ್ದ ಡಿ ಮರಿಯಾನನ್ನು ತಂದರು, ಅದೂ ಅವನಿಗೆ ರೂಢಿಯಾದ ಬಲಗಡೆಗಲ್ಲ, ಎಡಕ್ಕೆ. ಆ ಬದಿಯಲ್ಲಿ ಫ್ರಾನ್ಸ್‌ಗೆ ಇದ್ದದ್ದು ಮೂಲತಃ ಸೆಂಟರ್‌ಬ್ಯಾಕ್ ಆದ ಕುಂಡೆ, ಜೊತೆಗೆ ರಕ್ಷಣೆಯಲ್ಲಿ ಅಷ್ಟಕ್ಕಷ್ಟೇ ಎನ್ನಿಸುತ್ತಿದ್ದ ಡೆಂಬೆಲೆ. ಡೆಂಬೆಲೆಯಿಂದ ಪೆನಾಲ್ಟಿ ಗಿಟ್ಟಿಸಿದವನೂ ಡಿ ಮರಿಯಾ, 36ನೇ ನಿಮಿಷದಲ್ಲಿ ಎರಡನೇ ಗೋಲು ಹೊಡೆದವನೂ ಅವನೇ.

ಹೀಗೆ ಬದಲಿಸುತ್ತಾ ಹೋದರೆ ಆಟಗಾರರ ನಡುವಿನ ಹೊಂದಾಣಿಕೆಯ ಗತಿಯೇನು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಸ್ಕಾಲೊನಿ ಎಲ್ಲವನ್ನೂ ಕದಲಿಸಲಿಲ್ಲ: ಗೋಲಿ ಎಮಿಲಿಯಾನೊ ಮಾರ್ಟಿನೆಜ್, ಒಟಮೆಂಡಿ, ಡಿ ಪಾಲ್, ಮೆಸ್ಸಿ ಏಳೂ ಪಂದ್ಯಗಳನ್ನು ಆರಂಭಿಸಿದರು. ಬೆನ್ನೆಲುಬು ಹಾಗೇ ಇತ್ತು. ಇನ್ನೊಂದು ಆಕ್ಷೇಪ, ನೆದರ್ಲೆಂಡ್ಸ್ ವಿರುದ್ಧ ಎರಡು ಗೋಲಿನ ಮುನ್ನಡೆ ಕರಗಿಹೋಯಿತಲ್ಲ ಎಂಬುದು. ಹೌದು, ಕರಗಿತು, ಫೈನಲ್‌ನಲ್ಲೂ ಕರಗಿತು. ಆರಂಭದ ಪಟ್ಟಿ ತೊಂಬತ್ತು ನಿಮಿಷಕ್ಕೆ ಕೊಟ್ಟ ವಾರಂಟಿಯಲ್ಲ. 64ನೇ ನಿಮಿಷದಲ್ಲಿ ಡಿ ಮರಿಯಾನನ್ನು ಹೊರಗೆ ಕರೆಸಿದ್ದು ನನ್ನ ದೃಷ್ಟಿಯಲ್ಲಿ ಅವಸರವಾಯಿತು.

ರಾಮ್ಸೆ ಕಾಲದ ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶವೇ ಇರಲಿಲ್ಲ. ಈಗ ಐವರನ್ನು ಇಳಿಸಬಹುದು. ಹನ್ನೊಂದರ ಪಟ್ಟಿಯನ್ನು ಇನ್ನೂ ಶಾಸನದಂತೆ ಕಾಣುವವರು 2022ರ ಅದೇ ಫೈನಲ್‌ನ ಸೋತ ಕಡೆಯನ್ನು ನೋಡಲಿ: ಫ್ರಾನ್ಸ್ ಕೋಚ್ ದಿದಿಯೆ ದೆಶಾಂ ವಿರಾಮಕ್ಕೂ ಕಾಯದೆ 41ನೇ ನಿಮಿಷದಲ್ಲೇ ಜಿರೂ, ಡೆಂಬೆಲೆ ಇಬ್ಬರನ್ನೂ ಹೊರಗೆ ಕರೆಸಿದರು. ಒಳಬಂದವರಲ್ಲಿ ಕೋಲೊ ಮುವಾನಿ ಪೆನಾಲ್ಟಿ ತಂದುಕೊಟ್ಟ, ಮರುನಿಮಿಷವೇ ಎರಡನೇ ಗೋಲಿಗೆ ಥುರಾಮ್ ಪಾಸ್ ಕೊಟ್ಟ.