ಸ್ಥಾಲೀಪುಲಾಕನ್ಯಾಯವೂ ಷೇಕ್ಸ್‌ಪಿಯರನ ಶಬ್ದಸಂಪತ್ತೂ

ಒಂದಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ನಿಶ್ಚಯಿಸುವುದು ಸ್ಥಾಲೀಪುಲಾಕನ್ಯಾಯ. ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿದ್ದರೆ ಮಾತ್ರ ಈ ನ್ಯಾಯವು ಸಲ್ಲುವುದು. ಅಂಶವನ್ನು ನೋಡಿ ಸಮಷ್ಟಿಯನ್ನು ಊಹಿಸುವ ಸಂಖ್ಯಾಶಾಸ್ತ್ರಕ್ಕೂ ಇದೇ ಆಧಾರ. ಆದರೆ ಆ ಶಾಸ್ತ್ರವು ಊಹೆಯು ಎಷ್ಟರಮಟ್ಟಿಗೆ ತಪ್ಪಬಹುದೆಂಬ ಪರಿಮಾಣವನ್ನೂ ಹೇಳುತ್ತದೆ. ಇದನ್ನು ಸಾಹಿತ್ಯಕ್ಕೆ ಪ್ರಯೋಗಿಸಿದ ಬ್ರ್ಯಾಡ್ಲಿ ಎಫ್ರನ್ ಮತ್ತು ರೊನಾಲ್ಡ್ ಥಿಸ್ಟೆಡ್ ಎಂಬ ಅಮೆರಿಕದ ವಿದ್ವಾಂಸರ ಎರಡು ಲೇಖನಗಳು ಕಾವ್ಯವಿಮರ್ಶಕರಿಗೂ ವಿಚಾರಾರ್ಹವಾಗಿವೆ.

1976ರ ಲೇಖನವು ಷೇಕ್ಸ್‌ಪಿಯರನಿಗೆ ತಿಳಿದಿದ್ದ ಶಬ್ದಗಳೆಷ್ಟೆಂದು ವಿಚಾರಿಸುತ್ತದೆ. ಆತನ ಕೃತಿಗಳಲ್ಲಿನ ಒಟ್ಟು ಪದಪ್ರಯೋಗ 8,84,647. ರೂಪಭೇದಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಭಿನ್ನಶಬ್ದಗಳು 31,534. ಇವುಗಳಲ್ಲಿ 14,376 ಒಂದೊಂದೇ ಸಾರಿ ಬಂದಿವೆ. ಒಮ್ಮೆ ಮಾತ್ರ ಬಂದವು ಇಷ್ಟಿರುವಾಗ, ಒಮ್ಮೆಯೂ ಬಾರದೆ ಉಳಿದವು ಬಹಳವಿರಬೇಕೆಂಬುದು ಯುಕ್ತಿಸಮ್ಮತ. ಚಿಟ್ಟೆಗಳ ಜಾತಿಗಳನ್ನು ಕುರಿತು ಫಿಷರ್ 1943ರಲ್ಲಿ ನಡೆಸಿದ ಗಣನೆಯ ಜಾಡನ್ನು ಹಿಡಿದು, ಹಾಗೆ ಉಳಿದವು 35,000ಕ್ಕೆ ಕಡಮೆಯಿಲ್ಲವೆಂದು ಅವರು ನಿರ್ಣಯಿಸಿದರು. ಕಾಣದಿರುವುದರ ವಿಷಯದಲ್ಲಿ ‘ಇಷ್ಟೇ’ ಎನ್ನದೆ ‘ಇಷ್ಟಕ್ಕೆ ಕಡಮೆಯಿಲ್ಲ’ ಎಂದಷ್ಟೇ ಹೇಳಿದುದು ಈ ಲೇಖನದ ಗುಣ.

1985ರಲ್ಲಿ ಈ ವಿಧಾನಕ್ಕೆ ಪರೀಕ್ಷೆಯೊದಗಿತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಭಂಡಾರದ ಹಸ್ತಪ್ರತಿಯಲ್ಲಿದ್ದ ಒಂದು ಕವನವನ್ನು ಗ್ಯಾರಿ ಟೇಲರ್ ಷೇಕ್ಸ್‌ಪಿಯರನದೆಂದು ಸಾರಿದರು, ಅನೇಕರು ಒಪ್ಪಲಿಲ್ಲ. ಆ ಕವನದ ಪದಗಳು 429. ಅದು ಆತನದೇ ಆಗಿದ್ದರೆ ಬೇರೆಲ್ಲೂ ಆತನು ಬಳಸದ ಶಬ್ದಗಳು ಅದರಲ್ಲಿ ಸುಮಾರು 7 ಇರಬೇಕೆಂದು ಗಣಿತವು ಹೇಳಿತು, ಇದ್ದುವು 9. ಇಂತಹ ಎಣಿಕೆಯು ಕವನದಿಂದ ಕವನಕ್ಕೆ ಸಹಜವಾಗಿಯೇ ಏರಿಳಿಯುವುದು. ಸರಾಸರಿ 7 ಆದಲ್ಲಿ ಆ ಏರಿಳಿತದ ಅಳತೆ ಅದರ ವರ್ಗಮೂಲ, ಎಂದರೆ ಸುಮಾರು 2.6. ಆದುದರಿಂದ 2ರ ವ್ಯತ್ಯಾಸವು ಗಣನೀಯವಲ್ಲ.

ಇಷ್ಟರಿಂದ ಕರ್ತೃತ್ವವು ಸಿದ್ಧವಾಯಿತೆನ್ನುವುದು ಅವಸರದ ಮಾತು. ವಿಪಕ್ಷದಲ್ಲಿಯೂ ಕಾಣಬಹುದಾದ ಹೇತುವು ಅನೈಕಾಂತಿಕ. ಮತ್ತೊಬ್ಬ ಕವಿಯ ಪದ್ಯದಲ್ಲಿಯೂ ಅಂತಹ ಶಬ್ದಗಳು 9 ಇರಲು ಅಡ್ಡಿಯಿಲ್ಲ. ಇದನ್ನರಿತೇ ಆ ವಿದ್ವಾಂಸರು 1987ರ ಲೇಖನದಲ್ಲಿ ಡನ್, ಮಾರ್ಲೊ, ಜಾನ್ಸನ್ ಇವರ ಪದ್ಯಗಳನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಎಣಿಕೆಯು 40 ಬಂದಿದ್ದರೆ ಟೇಲರರ ಪಕ್ಷಕ್ಕೆ ಪ್ರಬಲ ಬಾಧಕವಾಗುತ್ತಿತ್ತು. 9 ಬಂದುದರಿಂದ ಬಾಧಕವಿಲ್ಲವೆಂದಷ್ಟೇ ಆಯಿತು. ಬಾಧಕದ ಅಭಾವವು ಸಾಧಕವಲ್ಲ.

ಮತ್ತೊಂದು ಆಕ್ಷೇಪವು ಇದಕ್ಕಿಂತಲೂ ಗುರುತರವಾದುದು. ಕವನದ ಪದಗಳು ಕಲಸಿದ ಪಾತ್ರೆಯಿಂದ ಕಣ್ಣುಮುಚ್ಚಿ ತೆಗೆದ ಅಗುಳುಗಳಲ್ಲ. ವಸ್ತು, ಛಂದಸ್ಸು, ಪ್ರಾಸಗಳು ಒಂದು ಪದದಿಂದ ಮತ್ತೊಂದನ್ನು ಎಳೆದು ತರುತ್ತವೆ. ಈ ಕವನವಾದರೋ ಪ್ರಾಸಭಾರದಿಂದ ಬಾಗಿರುವಂಥದು. ಆದಕಾರಣ ನಿಜವಾದ ಏರಿಳಿತವು 2.6ಕ್ಕಿಂತ ಹೆಚ್ಚಾಗಿರಲೂಬಹುದು, ಆಗ ಈ ಹೊಂದಾಣಿಕೆಯ ಬೆಲೆಯು ಇನ್ನಷ್ಟು ಇಳಿಯುವುದು.

ಕನ್ನಡ ಗ್ರಂಥಗಳಿಗೆ ಈ ವಿಧಾನವನ್ನು ಅನ್ವಯಿಸಬಯಸುವವರಿಗೆ ಕಾರ್ಯವು ಇನ್ನೂ ಕಠಿನ. ‘ಮರದಿಂದ’, ‘ಮರಕ್ಕೆ’ ಎಂಬಿವು ಎರಡು ಶಬ್ದಗಳೋ ಒಂದೋ, ಸಂಧಿಯಾದ ಪದಗಳನ್ನು ಎಲ್ಲಿ ಬಿಡಿಸಬೇಕು ಎಂಬುದನ್ನು ವೈಯಾಕರಣನು ಮೊದಲು ನಿರ್ಣಯಿಸಬೇಕು. ಗಣಿತಜ್ಞನ ಸರದಿ ಆಮೇಲೆ.