ಮಂದಣ್ಣನಿಗೆ ಬೇಕಾಗಿದ್ದು ನೌಕರಿ

ಶನಿವಾರ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನೋಕೆ ನಿಂತರೆ ಬೆಂಗಳೂರಿನ ಅರ್ಧ ಐಟಿ ಅಲ್ಲೇ ಸಿಗುತ್ತೆ. ಎದುರಿಗೆ ಮಂಜು, ಕೈಯಲ್ಲಿ ಕಾಫಿ, ಬಾಯಲ್ಲಿ ಒಂದೇ ಡೈಲಾಗು: "ಮಗಾ, ಪೇಪರ್ ಹಾಕಿ ಇಲ್ಲೇ ಇದ್ದುಬಿಡ್ಬೇಕು ಕಣೋ. ತೇಜಸ್ವಿ ಥರ."

ನಾನೂ ಹೇಳಿದ್ದೇನೆ. ಹೇಳಿದ್ದಷ್ಟೇ ಅಲ್ಲ, ನಾಲ್ಕು ತಿಂಗಳಿಂದ ನನ್ನ ಡ್ರಾಫ್ಟ್ಸ್‌ನಲ್ಲಿ ಒಂದು ರಾಜೀನಾಮೆ ಮೇಲ್ ಕೂತಿದೆ. ಕೆಲಸ ಬಿಟ್ಟು ಪೂರ್ತಿ ಕತೆ ಬರೆಯೋದು ಅಂತ ಪ್ಲಾನು. ಸೆಂಡ್ ಒತ್ತೋ ಮುಂಚೆ ಧೈರ್ಯಕ್ಕಿರಲಿ ಅಂತ 'ಕರ್ವಾಲೊ' ಇನ್ನೊಂದು ಸಲ ಓದಿದೆ. ಅಲ್ಲೇ ಎಡವಟ್ಟಾಯ್ತು.

ಮೊದಲು 'ತೇಜಸ್ವಿ ಥರ' ಅನ್ನೋ ಮಾತನ್ನೇ ನೋಡೋಣ. ತೇಜಸ್ವಿ ಯಾವ ಕೆಲಸ ಬಿಟ್ಟರು? ಮೈಸೂರಲ್ಲಿ ಕನ್ನಡ ಎಂ.ಎ. ಮುಗಿಸಿದ ಹುಡುಗ, ಅಪ್ಪ ಅದೇ ವಿಶ್ವವಿದ್ಯಾನಿಲಯದ ಕುಲಪತಿ ಆಗಿದ್ದವರು. ಮೇಷ್ಟ್ರ ಕೆಲಸ ಹತ್ತಿರದಲ್ಲೇ ಇತ್ತು. ಅದರ ಕಡೆ ಹೋಗದೆ 60ರ ದಶಕದಲ್ಲಿ ಮೂಡಿಗೆರೆ ಕಡೆ ಬಂದು ತೋಟ ಮಾಡಿದರು. ನಾವು ಇದನ್ನು 'ಕೆಲಸ ಬಿಟ್ಟು ಬರೆಯೋಕೆ ಹೋದರು' ಅಂತ ಓದಿಕೊಂಡಿದ್ದೇವೆ. ಅವರು ಮಾಡಿದ್ದು ಇನ್ನೊಂದು ಕೆಲಸ ಹಿಡಿದದ್ದು. ಅದೂ ಎಂಥ ಕೆಲಸ! ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ಹೂಮಳೆ ಸಮಯಕ್ಕೆ ಬರಬೇಕು, ಕೊಯ್ಲಿನಲ್ಲಿ ಮಳೆ ಬರಬಾರದು. ಮಾರಾಟವೂ ಆಗ ಬೆಳೆಗಾರನ ಕೈಯಲ್ಲಿರಲಿಲ್ಲ. 90ರ ದಶಕದಲ್ಲಿ ಬಿಡುಗಡೆ ಸಿಗುವ ತನಕ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕು, ದುಡ್ಡು ಕಂತು ಕಂತಾಗಿ ಬರಬೇಕು. ಆಳುಗಳ ಬಟವಾಡೆ ಮಾತ್ರ ಕಾಯೋದಿಲ್ಲ. ತಿಂಗಳ ಕೊನೇ ದಿನ ಸಂಬಳ ಲೇಟಾದರೆ ಎಚ್‌ಆರ್‌ಗೆ ಮೇಲ್ ಹಾಕೋ ನಾವು, ಇವರ ಹೆಸರನ್ನ ಸ್ಟೇಟಸ್‌ಗೆ ಹಾಕ್ಕೋತೀವಿ.

ಇನ್ನು 1980ರಲ್ಲಿ ಬಂದ 'ಕರ್ವಾಲೊ'. ಕಾಲೇಜಲ್ಲಿ ಓದಿದಾಗ ನನಗೆ ನೆನಪಲ್ಲಿ ಉಳಿದದ್ದು ಹಾರುವ ಓತಿ, ಎಂಗ್ಟನ ಪುಂಗಿ, ಬಿರಿಯಾನಿ ಕರಿಯಪ್ಪ. ಒಟ್ಟಿನಲ್ಲಿ ಒಂದು ಭರ್ಜರಿ ಟ್ರೆಕ್. ಈಗ ಕಣ್ಣಿಗೆ ಬಿದ್ದದ್ದು ಬೇರೆ. ಕತೆ ಹೇಳುವವನು ಬೇಸಾಯದ ತಾಪತ್ರಯಗಳಿಂದ ರೋಸಿಹೋದವನು. ಕರ್ವಾಲೊ ಸಂಬಳ ಎಣಿಸುವ ವಿಜ್ಞಾನಿ. ಇವರಿಬ್ಬರಿಗಿಂತ ಕಾಡು ಚೆನ್ನಾಗಿ ಗೊತ್ತಿರುವವನು, ಹಾರುವ ಓತಿಯನ್ನು ಮೊದಲೇ ಕಂಡವನು, ಊರವರ ಲೆಕ್ಕದಲ್ಲಿ ಉಂಡಾಡಿ ಮಂದಣ್ಣ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ಯಾಷನ್ ಫಾಲೋ ಮಾಡ್ತಿರೋನು ಅವನೊಬ್ಬನೇ. ಆ ಮಂದಣ್ಣನಿಗೆ ಏನು ಬೇಕು ಗೊತ್ತಾ? ಜೇನಿನವರ ಕಡೆ ಒಂದು ಸರ್ಕಾರಿ ನೌಕರಿ. ಅದಕ್ಕೊಂದು ಶಿಫಾರಸು ಮಾಡಿಸಿ ಅಂತ ದುಂಬಾಲು ಬೀಳ್ತಾನೆ.

ಈ ವ್ಯಂಗ್ಯ ತೇಜಸ್ವಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ನಂಬಿಕೆ. ನೌಕರಿಯಲ್ಲಿರುವ ಕರ್ವಾಲೊ ಓತಿಯ ಹಿಂದೆ ಬಿದ್ದರೆ ಅದು ಸಂಶೋಧನೆ. ನೌಕರಿ ಇಲ್ಲದ ಮಂದಣ್ಣ ಅದನ್ನೇ ಮಾಡಿದರೆ ಪೋಲಿ ತಿರುಗೋದು. ಅವರಿಬ್ಬರ ನಡುವೆ ಇರೋದು ಪ್ರತಿಭೆಯ ವ್ಯತ್ಯಾಸ ಅಲ್ಲ, ಸಂಬಳದ್ದು. ಹಾಗಂತ ನೌಕರಿಯನ್ನ ಅವರು ಹೊಗಳಿದ್ದಾರೆ ಅಂತಲೂ ಅಲ್ಲ. 'ತಬರನ ಕತೆ' ಬರೆದವರೂ ಇವರೇ. ಜೀವನಪೂರ್ತಿ ಸರ್ಕಾರಕ್ಕೆ ದುಡಿದು ಪಿಂಚಣಿಗಾಗಿ ಮೇಜಿಂದ ಮೇಜಿಗೆ ಅಲೆಯುವ ಆ ಮುದುಕನನ್ನ ಗಿರೀಶ್ ಕಾಸರವಳ್ಳಿಯವರ ಸಿನಿಮಾದಲ್ಲಿ ನೋಡಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಡ್ರಾಫ್ಟ್ಸ್‌ನಲ್ಲಿರೋ ಮೇಲ್ ಬರೆದದ್ದು ಅದರ ಮಾರನೇ ದಿನವೇ.

ಒಂದು ತಕರಾರು ಮಾತ್ರ ನನಗೆ ತೇಜಸ್ವಿ ಮೇಲೇ ಇದೆ. 'ಪರಿಸರದ ಕತೆ'ಯಲ್ಲಿ ಗಾಳ ಹಾಕ್ತಾರೆ, ಕಿವಿಯನ್ನ ಕರ್ಕೊಂಡು ಕಾಡು ಸುತ್ತುತ್ತಾರೆ, ಮಾರ ಪ್ಯಾರರ ಜೊತೆ ಪೇಚಾಡ್ತಾರೆ. ಓದೋಕೆ ಸ್ವರ್ಗ. ಆದರೆ ಆ ದಿನ ಮನೆಯ ಲೆಕ್ಕ ಯಾರು ನೋಡಿದರು, ಅಡುಗೆ ಯಾರದ್ದು, ಆ ವರ್ಷ ತೋಟದಲ್ಲಿ ಉಳಿದದ್ದೆಷ್ಟು? ಆ ಪುಟ ಇಲ್ಲ. ಅವರ ಬರಹದ ಹಗುರತನಕ್ಕೆ ಅದೂ ಒಂದು ಕಾರಣ ಇರಬಹುದು, ಆದರೆ ನಮ್ಮಂಥವರು ಮೋಸ ಹೋಗೋದೂ ಅಲ್ಲೇ. ತೋಟದ ಮನೆಯ ಒಳಗಿನ ಬದುಕು ಬೇಕಿದ್ದರೆ ರಾಜೇಶ್ವರಿಯವರ 'ನನ್ನ ತೇಜಸ್ವಿ'ಯನ್ನ ಪಕ್ಕದಲ್ಲಿಟ್ಟುಕೊಂಡು ಓದಬೇಕು. ತೇಜಸ್ವಿ ಕೋಟ್‌ಗಳನ್ನ ಫಾರ್ವರ್ಡ್ ಮಾಡೋ ಎಷ್ಟು ಜನ ಅದನ್ನ ಓದಿದ್ದಾರೋ.

ಅಂದಹಾಗೆ, ತೇಜಸ್ವಿಯವರ ಬರವಣಿಗೆಗೆ ಬೇಕಾದ ಸರಕೆಲ್ಲ ಬಂದದ್ದು ಈ ತಾಪತ್ರಯದಿಂದಲೇ. ಆಳು, ಸಾಲ, ಕೆಟ್ಟ ಬೆಳೆ, ಜೇನು ಸೊಸೈಟಿ ಇಲ್ಲದೆ ಹೋಗಿದ್ದರೆ ಮಂದಣ್ಣ ಅವರಿಗೆ ಎಲ್ಲಿ ಸಿಗ್ತಿದ್ದ? ನಾನು ಪಿಜಿ ರೂಮಲ್ಲಿ ಬಾಗಿಲು ಹಾಕ್ಕೊಂಡು ಪೂರ್ತಿ ಕತೆ ಬರೀತೀನಿ ಅಂದ್ರೆ, ಯಾರ ಬಗ್ಗೆ? ನನಗೆ ಗೊತ್ತಿರೋ ಮಂದಣ್ಣಂದಿರೆಲ್ಲ ಆಫೀಸಿನ ಕ್ಯಾಂಟೀನಲ್ಲೇ ಇದ್ದಾರೆ.

ಮೊನ್ನೆ ಆ ಮೇಲ್ ತೆಗೆದು 'ರಾಜೀನಾಮೆ' ಅನ್ನೋದನ್ನ ಅಳಿಸಿದೆ. ವಾರಕ್ಕೆ ನಾಲ್ಕೇ ದಿನ ಕೆಲಸ, ಅದಕ್ಕೆ ತಕ್ಕಂತೆ ಸಂಬಳ ಕಡಿಮೆ ಮಾಡಿ ಅಂತ ಬರೆದು ಕಳಿಸಿದೆ. ಮ್ಯಾನೇಜರ್ ಇನ್ನೂ ಉತ್ತರ ಕೊಟ್ಟಿಲ್ಲ.