ಸೂಜಿಮದ್ದಿನ ಜೊತೆ ಬರುವ ಕಾಗದ

ಔಷಧದ ಡಬ್ಬಿಯಲ್ಲಿ ಹತ್ತಾರು ಮಡಿಕೆ ಮಾಡಿ ತುರುಕಿಟ್ಟ ಕಾಗದವನ್ನು ಬರವಣಿಗೆ ಎಂದುಕೊಂಡು ಓದುವವರು ಕಡಿಮೆ. ಬರೆದವರ ಹೆಸರು ಅದರಲ್ಲಿರುವುದಿಲ್ಲ. ಅದಕ್ಕೆ ವಿಮರ್ಶೆ ಬರೆಯುವ ರೂಢಿಯೂ ಇಲ್ಲ. ಆದರೆ ವರ್ಷಗಟ್ಟಲೆ ತಮ್ಮ ಮೈಗೆ ತಾವೇ ಸೂಜಿ ಚುಚ್ಚಿಕೊಳ್ಳಬೇಕಾದವರಿಗೆ ಅದರ ಒಂದೊಂದು ಸಾಲೂ ಮುಖ್ಯ. ಒಂದು ವಾಕ್ಯ ಸಡಿಲವಾದರೆ ಯಾರೋ ಆಸ್ಪತ್ರೆಗೆ ಹೊರಡುವುದು ತಡವಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಕಾಯಿಲೆಗೆ ಕೊಡುವ ಗ್ಲಾಟಿರಾಮರ್ ಅಸಿಟೇಟ್ ಅನ್ನು ಟೆವಾ ಕಂಪನಿ ಅಮೆರಿಕದಲ್ಲಿ ಕೊಪಾಕ್ಸೋನ್ ಎಂಬ ಹೆಸರಿನಲ್ಲಿ ಮಾರುತ್ತದೆ. ಆ ಇಂಜೆಕ್ಷನ್ನಿನ ಮಾಹಿತಿ ಪತ್ರವನ್ನು ಇಲ್ಲಿ ಒಂದು ಕೃತಿಯೆಂದೇ ಓದುತ್ತಿದ್ದೇನೆ. ಅದರಲ್ಲಿ ಮೆಚ್ಚಬೇಕಾದ ಪ್ರಾಮಾಣಿಕತೆ ಬಹಳ ಇದೆ. 28 ವರ್ಷ ಹಾಗೇ ಉಳಿದುಬಂದ ಒಂದು ದೊಡ್ಡ ದೋಷವೂ ಇತ್ತು.

ಕಾಯಿಲೆಯ ಸ್ವಭಾವ ತಿಳಿಯದಿದ್ದರೆ ಈ ಕಾಗದದ ಮಹತ್ವ ತಿಳಿಯುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳಿಗಿರುವ ಮೈಲಿನ್ ಹೊದಿಕೆಯ ಮೇಲೆ ಎರಗುತ್ತದೆ. ಒಂದು ದಿನ ಒಂದು ಕಣ್ಣು ಮಂಜಾಗುತ್ತದೆ. ಇನ್ನೊಮ್ಮೆ ಜೋಮು ಹಿಡಿದ ಕಾಲು ಬಿಡುವುದೇ ಇಲ್ಲ. ಕೆಲವು ವಾರಗಳಲ್ಲಿ ಬಹುಪಾಲು ಸರಿಹೋಗುತ್ತದೆ, ತಿಂಗಳುಗಳು ಕಳೆದ ಮೇಲೆ ಮತ್ತೆ ಮರುಕಳಿಸುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗ್ಲಾಟಿರಾಮರ್ ಇದನ್ನು ಗುಣಪಡಿಸುವುದಿಲ್ಲ, ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಹಾಗಾಗಿ ಲಾಭ ಕಣ್ಣಿಗೆ ಬೀಳುವುದಿಲ್ಲ. ಬಾರದೇ ಹೋದ ಮರುಕಳಿಕೆಯನ್ನು ಯಾರು ಎಣಿಸುತ್ತಾರೆ? ಉರಿ, ತುರಿಕೆ, ಗಂಟುಗಳಾದರೆ ಆಯಾ ದಿನವೇ ಕಾಣುತ್ತವೆ. ಇಂಥ ಮದ್ದನ್ನು ಬಿಡದೆ ತೆಗೆದುಕೊಳ್ಳಲು ನಂಬಿಕೆ ಬೇಕು, ಆ ನಂಬಿಕೆಗೆ ಆಧಾರ ಈ ಕಾಗದದಲ್ಲಿರಬೇಕು.

ಮದ್ದು ಹುಟ್ಟಿದ ಬಗೆಯೂ ವಿಚಿತ್ರ. 1960ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಮೈಕೆಲ್ ಸೆಲಾ, ರೂತ್ ಆರ್ನಾನ್ ಮತ್ತು ದ್ವೋರಾ ಟೈಟೆಲ್‌ಬಾಮ್ ನಾಲ್ಕು ಅಮೈನೋ ಆಮ್ಲಗಳನ್ನು ಜೋಡಿಸಿ ಮೈಲಿನ್ ಪ್ರೋಟೀನನ್ನು ಹೋಲುವ ಸರಪಳಿಗಳನ್ನು ಮಾಡಿದರು. ಪ್ರಯೋಗದ ಪ್ರಾಣಿಗಳಲ್ಲಿ ಎಂ.ಎಸ್. ತರಹದ ಕಾಯಿಲೆಯನ್ನು ಬರಿಸುವುದು ಅವರ ಉದ್ದೇಶವಾಗಿತ್ತು. ಆ ವಸ್ತು ಕಾಯಿಲೆಯನ್ನು ಬರಿಸುವ ಬದಲು ತಡೆಯಿತು. ಅದೇ ಮುಂದೆ ಮದ್ದಾಗಿ, 1996ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ಒಪ್ಪಿಗೆ ಪಡೆಯಿತು: ದಿನಕ್ಕೊಂದು 20 ಮಿಲಿಗ್ರಾಂ ಇಂಜೆಕ್ಷನ್, ಚರ್ಮದಡಿಗೆ. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಪೂರ್ತಿ ಗೊತ್ತಿಲ್ಲವೆಂದು ಮಾಹಿತಿ ಪತ್ರ ಇವತ್ತಿಗೂ ನೇರವಾಗಿ ಒಪ್ಪಿಕೊಳ್ಳುತ್ತದೆ. ಮದ್ದು ರೋಗನಿರೋಧಕ ಶಕ್ತಿಯ ಮೇಲೆ ಕೆಲಸ ಮಾಡುವುದರಿಂದ ಸೋಂಕಿನ ವಿರುದ್ಧದ ಸಹಜ ರಕ್ಷಣೆಗೆ ಅಡ್ಡಿ ಬರಬಹುದೇ ಎಂಬ ಪ್ರಶ್ನೆಯನ್ನೂ ಅದು ತಾನೇ ಎತ್ತುತ್ತದೆ. ಹಾಗಾದ ಪುರಾವೆ ಇಲ್ಲ, ಆದರೆ ಅದನ್ನು ಕ್ರಮವಾಗಿ ಪರೀಕ್ಷಿಸಿಯೂ ಇಲ್ಲ ಎನ್ನುತ್ತದೆ. ಪುರಾವೆ ಇಲ್ಲ ಎಂದಷ್ಟೇ ಬರೆದು ಮುಗಿಸಿದ್ದರೆ ಕೇಳುವವರಿರಲಿಲ್ಲ. ಎರಡನೆಯ ಮಾತನ್ನೂ ಸೇರಿಸಿದ ಕೈಯನ್ನು ನಾನು ಗೌರವಿಸುತ್ತೇನೆ.

ಅದೇ ಪ್ರಾಮಾಣಿಕತೆ 14ನೆಯ ಭಾಗದ ಕೋಷ್ಟಕಗಳಲ್ಲೂ ಇದೆ. ಈ ಮದ್ದಿನ ಬಗ್ಗೆ ಹೆಚ್ಚು ಕೇಳಿಬಂದ ಮಾತು, ಮರುಕಳಿಕೆ 29 ಪ್ರತಿಶತ ಇಳಿಯುತ್ತದೆ ಎಂಬುದು. ಅದು ಬಂದದ್ದು ಅಮೆರಿಕದ 11 ಕೇಂದ್ರಗಳಲ್ಲಿ 251 ರೋಗಿಗಳ ಮೇಲೆ ನಡೆದ ಅಧ್ಯಯನದಿಂದ. ಎರಡು ವರ್ಷದಲ್ಲಿ ಮದ್ದು ಪಡೆದವರಿಗೆ ಸರಾಸರಿ 1.19 ಮರುಕಳಿಕೆ, ಹುಸಿಮದ್ದು ಪಡೆದವರಿಗೆ 1.68. ಕೋಷ್ಟಕದಲ್ಲಿ ಅದರ ಪಕ್ಕದಲ್ಲೇ 0.055 ಎಂಬ ಅಂಕಿ ನಿಂತಿದೆ. ಸಂಖ್ಯಾಶಾಸ್ತ್ರದ ರೂಢಿಯ ಗೆರೆ 0.05; ಈ ಫಲಿತಾಂಶ ಗೆರೆಯ ಆಚೆ ಬದಿಗಿದೆ. ಒಮ್ಮೆಯೂ ಮರುಕಳಿಸದೆ ಉಳಿದವರು ಮದ್ದಿನ ಗುಂಪಿನಲ್ಲಿ 34 ಪ್ರತಿಶತ, ಹುಸಿಮದ್ದಿನಲ್ಲಿ 27. ಅಂಗವೈಕಲ್ಯ ಮುಂದುವರಿಯದೆ ನಿಂತವರು 78 ಮತ್ತು 75. ಇವೆಲ್ಲ ದೊಡ್ಡ ಅಂತರಗಳಲ್ಲ. ಇದಕ್ಕೂ ಮೊದಲು 50 ಜನರ ಮೇಲೆ ಒಂದೇ ಕೇಂದ್ರದಲ್ಲಿ ನಡೆದ ಅಧ್ಯಯನದಲ್ಲಿ ಮರುಕಳಿಸದವರು 56 ಪ್ರತಿಶತ ಮತ್ತು 28 ಎಂದಿತ್ತು. ಆ ಹೊಳಪು ದೊಡ್ಡ ಅಧ್ಯಯನದಲ್ಲಿ ಉಳಿಯಲಿಲ್ಲ. ಕಾಗದ ಎರಡನ್ನೂ ಮುಚ್ಚಿಡದೆ ಅಕ್ಕಪಕ್ಕ ಇಟ್ಟಿದೆ. ಆದರೆ ಇವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರಿಗೆ ಮಾತ್ರ ಇಟ್ಟಿದೆ. ರೋಗಿಗೆಂದು ಬರೆದ ಕೊನೆಯ ಪುಟಗಳಲ್ಲಿ ಲಾಭದ ಅಳತೆಯನ್ನು ಹೇಳುವ ಒಂದು ಅಂಕಿಯೂ ಇಲ್ಲ. ನೂರು ಜನ ಎರಡು ವರ್ಷ ಚುಚ್ಚಿಕೊಂಡರೆ ಎಷ್ಟು ಜನಕ್ಕೆ ಏನು ಸಿಗುತ್ತದೆ ಎಂಬುದನ್ನು ಚುಚ್ಚಿಕೊಳ್ಳುವವರಿಗೆ ತಿಳಿಸದಿರುವುದು ನನಗೆ ಸರಿಕಾಣುವುದಿಲ್ಲ.

2014ರಲ್ಲಿ ವಾರಕ್ಕೆ ಮೂರು ಸಲದ 40 ಮಿಲಿಗ್ರಾಂ ರೂಪ ಬಂತು. ಎರಡು ಇಂಜೆಕ್ಷನ್‌ಗಳ ನಡುವೆ ಕನಿಷ್ಠ 48 ಗಂಟೆ ಇರಬೇಕು, 20ರ ಬದಲು 40 ಅಥವಾ 40ರ ಬದಲು 20 ಬಳಸಕೂಡದು. ದಿನಾ ಚುಚ್ಚಿಕೊಳ್ಳುತ್ತಿದ್ದವರಿಗೆ ಇದು ನಿಜವಾದ ನೆಮ್ಮದಿ. ಆದರೆ ಅದರ ಆಧಾರವಾಗಿ ಕೊಟ್ಟಿರುವ 1,404 ರೋಗಿಗಳ ಅಧ್ಯಯನದಲ್ಲಿ ಹೋಲಿಕೆ ನಡೆದದ್ದು ಹುಸಿಮದ್ದಿನ ಜೊತೆ. ಆಗಲೇ 17 ವರ್ಷ ಹಳೆಯದಾಗಿದ್ದ 20 ಮಿಲಿಗ್ರಾಂ ರೂಪದ ಜೊತೆ ಅಲ್ಲಿ ಹೋಲಿಕೆಯಿಲ್ಲ. ಯಾವುದು ಹೆಚ್ಚು ಪರಿಣಾಮಕಾರಿ ಎಂದು ರೋಗಿ ಕೇಳಿದರೆ ಈ ಕಾಗದ ಹಿಡಿದ ವೈದ್ಯರ ಬಳಿ ಉತ್ತರವಿಲ್ಲ. ಜೆನೆರಿಕ್ ಪೈಪೋಟಿಯನ್ನು ತಡೆಯುವ ಲೆಕ್ಕಾಚಾರ ಈ ಹೊಸ ರೂಪದ ಹಿಂದಿತ್ತೆಂದು 2020ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹೇಳಿತು; 1997ರಿಂದ ಕಂಪನಿ ಬೆಲೆಯನ್ನು 27 ಸಲ ಏರಿಸಿದೆ, ವರ್ಷಕ್ಕೆ 10,000 ಡಾಲರಿಗಿಂತ ಕಡಿಮೆಯಿದ್ದದ್ದು 70,000ದ ಹತ್ತಿರ ಬಂದಿದೆ ಎಂದೂ ಲೆಕ್ಕ ಕೊಟ್ಟಿತು. ಬೆಲೆ ಹೇಳುವುದು ಮಾಹಿತಿ ಪತ್ರದ ಕೆಲಸವಲ್ಲ, ಸರಿ. ಅಧ್ಯಯನದಲ್ಲಿ ಯಾವುದನ್ನು ಯಾವುದರ ಜೊತೆ ಹೋಲಿಸಿಲ್ಲ ಎಂಬುದನ್ನು ಬಿಡಿಸಿ ಹೇಳುವುದಾದರೂ ಅದರ ಕೆಲಸವೇ.

ಸೂಜಿ ಚುಚ್ಚಿದ ಜಾಗದ ವಿಷಯದಲ್ಲಿ ದೂರು ಕಡಿಮೆ. 20 ಮಿಲಿಗ್ರಾಂ ಪಡೆದವರಲ್ಲಿ 43 ಪ್ರತಿಶತ ಜನಕ್ಕೆ ಚರ್ಮ ಕೆಂಪಾಗಿದೆ, 40 ಪ್ರತಿಶತಕ್ಕೆ ನೋವು, 26 ಪ್ರತಿಶತಕ್ಕೆ ಗಂಟು. ಹುಸಿಮದ್ದಿನವರಲ್ಲೂ 20 ಪ್ರತಿಶತ ಜನಕ್ಕೆ ನೋವಾಗಿದೆ, ಅದು ಬರೀ ಸೂಜಿಯ ನೋವು. ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು 20 ನಿಮಿಷ ಹೊರಗಿಡಿ, ದ್ರವ ಮಸುಕಾಗಿದ್ದರೆ ಬಳಸಬೇಡಿ, ತೋಳು, ತೊಡೆ, ಸೊಂಟ, ಹೊಟ್ಟೆ ಎಂದು ಜಾಗ ಬದಲಾಯಿಸುತ್ತಾ ಹೋಗಿ, ಒಂದೇ ಬಿಂದುವಿಗೆ ವಾರದಲ್ಲಿ ಎರಡನೆಯ ಸಲ ಚುಚ್ಚಬೇಡಿ: ಈ ಸಾಲುಗಳು ಚಿತ್ರಗಳ ಜೊತೆ ಚೆನ್ನಾಗಿವೆ. ಕೆಲವರಲ್ಲಿ ಚರ್ಮದಡಿಯ ಕೊಬ್ಬು ಕರಗಿ ತೊಡೆಯಲ್ಲಿ, ತೋಳಿನಲ್ಲಿ ಕುಳಿ ಬೀಳುತ್ತದೆ. ಅಂಥವರು ಸುಮಾರು 2 ಪ್ರತಿಶತ. ಆ ಕುಳಿ ಶಾಶ್ವತವೆಂದೇ ತಿಳಿಯಲಾಗಿದೆ, ಅದಕ್ಕೆ ಚಿಕಿತ್ಸೆ ಗೊತ್ತಿಲ್ಲ ಎಂದು ಕಾಗದ ಮೆದುಗೊಳಿಸದೆ ಹೇಳುತ್ತದೆ. ಇಪ್ಪತ್ತೈದರ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ಹೇಳಬೇಕಾದ ರೀತಿಯಲ್ಲೇ ಹೇಳಿದ್ದಾರೆ.

ಇನ್ನು ದೋಷದ ಮಾತು. ಇಂಜೆಕ್ಷನ್ ಆದ ಕೂಡಲೇ ಬರುವ ಒಂದು ಪ್ರತಿಕ್ರಿಯೆಯಿದೆ. ಮುಖ ಕೆಂಪೇರಿ ಬಿಸಿಯಾಗುತ್ತದೆ, ಎದೆ ನೋಯುತ್ತದೆ, ಎದೆಬಡಿತ ಜೋರಾಗುತ್ತದೆ, ದಿಗಿಲು ಹತ್ತುತ್ತದೆ, ಉಸಿರು ಕಷ್ಟವಾಗುತ್ತದೆ, ಗಂಟಲು ಬಿಗಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ. ಅಧ್ಯಯನಗಳಲ್ಲಿ 20 ಮಿಲಿಗ್ರಾಂ ಪಡೆದ ಸುಮಾರು 16 ಪ್ರತಿಶತ ಜನರಲ್ಲಿ ಇದು ಕಂಡಿತು, ಹುಸಿಮದ್ದಿನಲ್ಲಿ 4. ವಾರಕ್ಕೆ ಮೂರರ 40 ಮಿಲಿಗ್ರಾಂನಲ್ಲಿ ಸುಮಾರು 2. ಸಾಮಾನ್ಯವಾಗಿ ಮದ್ದು ಶುರುಮಾಡಿ ಕೆಲವು ತಿಂಗಳಾದ ಮೇಲೆ ಬರುತ್ತದೆ. ವೈದ್ಯರಿಗಾಗಿ ಬರೆದ ಭಾಗ ಇದನ್ನು ವಿವರಿಸಿದ ರೀತಿ ಹೀಗಿತ್ತು: ತಾತ್ಕಾಲಿಕ, ತಾನಾಗಿ ಇಳಿಯುತ್ತದೆ, ಚಿಕಿತ್ಸೆ ಬೇಕಾಗಲಿಲ್ಲ. ರೋಗಿಗಾಗಿ ಬರೆದ ಭಾಗವಾದರೆ ವೈದ್ಯರಿಗೆ ಕೂಡಲೇ ತಿಳಿಸಿ, ಅವರು ಹೇಳುವ ತನಕ ಮುಂದಿನ ಇಂಜೆಕ್ಷನ್ ಬೇಡ ಎಂದಿತ್ತು. ಒಂದೇ ಕಾಗದದಲ್ಲಿ ಎರಡು ದನಿ. ರೋಗಿ ಗಾಬರಿಯಿಂದ ಫೋನ್ ಮಾಡಿದಾಗ ಆ ಕಡೆಯ ವೈದ್ಯರು ಓದಿದ್ದು ಸಮಾಧಾನದ ಭಾಗವನ್ನು.

ಮೇಲೆ ಎಣಿಸಿದ ಲಕ್ಷಣಗಳನ್ನು ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿಯ ಪಕ್ಕಕ್ಕಿಟ್ಟು ನೋಡಿ. ಅಲ್ಲೂ ಮೈ ಕೆಂಪೇರುವುದು, ದದ್ದು, ಗಂಟಲು ಬಿಗಿತ, ಉಸಿರಾಟದ ಕಷ್ಟ. ಅದಕ್ಕೆ ಕೂಡಲೇ ಅಡ್ರಿನಾಲಿನ್ ಕೊಡದಿದ್ದರೆ ಜೀವ ಹೋಗಬಹುದು. ಹಳೆಯ ಮಾಹಿತಿ ಪತ್ರದಲ್ಲಿ ಅದರ ಸುಳಿವು ಇರಲೇ ಇಲ್ಲವೆಂದಲ್ಲ. ಮಾರುಕಟ್ಟೆಗೆ ಬಂದ ಮೇಲಿನ ವರದಿಗಳ ಉದ್ದನೆಯ ಪಟ್ಟಿಯಲ್ಲಿ, ಹೊಟ್ಟೆ ಉಬ್ಬುವುದು ಮುಂತಾದವುಗಳ ನಡುವೆ, ಆ ಬಗೆಯ ಪ್ರತಿಕ್ರಿಯೆ ಒಂದೇ ಪದವಾಗಿ ಅಡಗಿ ಕೂತಿತ್ತು. 2024ರಲ್ಲಿ ಯುರೋಪಿನ ನಿಯಂತ್ರಕರ ಸೂಚನೆಯಂತೆ ವೈದ್ಯರಿಗೆ ಎಚ್ಚರಿಕೆಯ ಪತ್ರ ಹೋಯಿತು. 2025ರ ಜನವರಿಯಲ್ಲಿ ಎಫ್‌ಡಿಎ ಅದನ್ನು ಎತ್ತಿ ಮೊದಲ ಪುಟದ ನೆತ್ತಿಗೆ, ಕಪ್ಪು ಗೆರೆಯ ಚೌಕಟ್ಟಿನೊಳಗೆ ಇಟ್ಟಿತು. 1996ರಿಂದ ಅದರ ಕೈಸೇರಿದ ಪ್ರಕರಣಗಳು ಜಗತ್ತಿನಾದ್ಯಂತ 82, ಅವುಗಳಲ್ಲಿ ಆರು ಸಾವು. ವರದಿಯಾಗದವು ಈ ಲೆಕ್ಕದಲ್ಲಿ ಸೇರಿಲ್ಲ. ಮೊದಲ ಡೋಸಿಗೂ ಆಗಬಹುದು, ವರ್ಷಗಳ ನಂತರವೂ ಆಗಬಹುದು. ಹೆಚ್ಚಿನವು ಇಂಜೆಕ್ಷನ್ ಆದ ಒಂದು ಗಂಟೆಯೊಳಗೆ ಕಾಣಿಸಿಕೊಂಡಿವೆ.

ಇಷ್ಟು ಮಂದಿ ಬಳಸಿದ ಮದ್ದಿನಲ್ಲಿ 82 ಅಪರೂಪವೇ. ಇದನ್ನು ಓದಿ ಯಾರೂ ಮದ್ದು ನಿಲ್ಲಿಸಬಾರದು. ನನ್ನ ಆಕ್ಷೇಪ ಅಪಾಯದ ಗಾತ್ರದ ಬಗ್ಗೆ ಅಲ್ಲ. ಹಲವು ಸಲ ಎದೆ ಬಿಗಿದು ತಾನಾಗಿ ಇಳಿದದ್ದನ್ನು ಕಂಡವರು ಮತ್ತೊಮ್ಮೆ ಬಿಗಿದಾಗಲೂ ಕಾದು ಕೂರುತ್ತಾರೆ. ಹಾಗೆ ಕಾಯುವಂತೆ ಅವರನ್ನೂ ಅವರ ವೈದ್ಯರನ್ನೂ ಒಗ್ಗಿಸಿದ್ದು ಈ ಬರವಣಿಗೆ. ಹೊಸ ಚೌಕಟ್ಟು ಎರಡರ ಲಕ್ಷಣಗಳೂ ಒಂದರ ಮೇಲೊಂದು ಬರಬಹುದೆಂದು ಒಪ್ಪಿಕೊಂಡಿದೆ. ಬೇರೆ ಕಾರಣ ಸ್ಪಷ್ಟವಾಗಿ ಸಿಗದ ಹೊರತು ಮದ್ದನ್ನು ಮತ್ತೆ ಶುರುಮಾಡಬೇಡಿ ಎಂದಿದೆ. ಇದು ದೊಡ್ಡ ಸುಧಾರಣೆ. ಆದರೂ ಗಡಿಯಾರ ನೋಡಿ ತೀರ್ಮಾನಿಸುವಂಥ ಸೂಚನೆ ಹೆಚ್ಚು ತಿಳಿಯಾಗಿರುವುದು ಎಫ್‌ಡಿಎ ಸಾರ್ವಜನಿಕರಿಗೆ ಪ್ರತ್ಯೇಕವಾಗಿ ಹೊರಡಿಸಿದ ಪ್ರಕಟಣೆಯಲ್ಲಿ: ಸಾಮಾನ್ಯ ಪ್ರತಿಕ್ರಿಯೆ ಚುಚ್ಚಿದ ತುಸು ಹೊತ್ತಿಗೇ ಶುರುವಾಗಿ ಇಳಿಯುತ್ತಾ ಹೋಗುತ್ತದೆ; ಅನಾಫಿಲಾಕ್ಸಿಸ್ ಹೊತ್ತು ಹೋದಂತೆ ಉಲ್ಬಣಿಸುತ್ತದೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಈ ಒಂದು ವ್ಯತ್ಯಾಸ ಡಬ್ಬಿಯೊಳಗಿನ ಕಾಗದದ ಮೊದಲ ಸಾಲಾಗಬೇಕಿತ್ತು.

ಇಂಥ ಕಾಗದ ಹೀಗೆಯೇ ಇರಬೇಕೆಂಬ ಕಟ್ಟುಪಾಡೇನಿಲ್ಲ. ಇದೇ ಕಾಯಿಲೆಗೆ ರಕ್ತನಾಳದ ಮೂಲಕ ಕೊಡುವ ನಟಾಲಿಜುಮ್ಯಾಬ್ 2004ರಲ್ಲಿ ಬಂದು, ಮಿದುಳಿನ ಮಾರಕ ಸೋಂಕಿನ ಕಾರಣ 2005ರಲ್ಲಿ ನಿಂತು, 2006ರಲ್ಲಿ ಮರಳಿತು. ಅದರ ಮಾಹಿತಿ ಪತ್ರದಲ್ಲಿ ಒಂದು ಪುಟ್ಟ ಕೋಷ್ಟಕವಿದೆ. ರಕ್ತದಲ್ಲಿ ಆ ಸೋಂಕು ತರುವ ಜೆಸಿ ವೈರಸ್ಸಿನ ಪ್ರತಿಕಾಯ ಇದೆಯೇ, ಎಷ್ಟು ಕಾಲದಿಂದ ಮದ್ದು ನಡೆದಿದೆ, ಮೊದಲು ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಂಡಿದ್ದರೇ ಎಂಬ ಮೂರು ಪ್ರಶ್ನೆಗೆ ಉತ್ತರಿಸಿದರೆ ತನ್ನ ಅಪಾಯ ಸಾವಿರಕ್ಕೆ ಎಷ್ಟು ಎಂದು ರೋಗಿಗೇ ಕಾಣುತ್ತದೆ. ಎಷ್ಟೋ ಪಾಲು ಹೆಚ್ಚು ಅಪಾಯದ ಮದ್ದು ಅದು. ಆದರೂ ಅದರ ಕಾಗದ ಓದುವವರ ಕೈಗೆ ನಿರ್ಧಾರಕ್ಕೆ ಬೇಕಾದ ಸಾಮಗ್ರಿ ಕೊಡುತ್ತದೆ.

ಅಮೆರಿಕದ ಈ ಬರವಣಿಗೆ ನಮಗೂ ಸಂಬಂಧಿಸಿದ್ದೇ. ಅಲ್ಲಿನ ನಿಯಮದಂತೆ ಜೆನೆರಿಕ್ ಔಷಧದ ಮಾಹಿತಿ ಪತ್ರ ಮೂಲ ಔಷಧದ್ದನ್ನೇ ಅನುಸರಿಸಬೇಕು, ಹಾಗಾಗಿ ಮೂಲದ ದೋಷವೂ ಮುಂದಕ್ಕೆ ಹೋಗುತ್ತದೆ. 2017ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೈಲಾನ್ ಕಂಪನಿಯ ಗ್ಲಾಟಿರಾಮರ್ ಹಿಂದೆ ಹೈದರಾಬಾದಿನ ನ್ಯಾಟ್ಕೊ ಇದೆ. ನಮ್ಮಲ್ಲೂ ಈ ಮದ್ದು ಬಳಕೆಯಲ್ಲಿದೆ, ಇಂಗ್ಲಿಷಿನ ಸಣ್ಣ ಅಕ್ಷರದ ಕಾಗದದೊಂದಿಗೆ. 2ರಿಂದ 8 ಡಿಗ್ರಿಯಲ್ಲಿಡಿ, ಬೇಕಾದರೆ 15ರಿಂದ 30 ಡಿಗ್ರಿಯಲ್ಲಿ ಒಂದು ತಿಂಗಳ ತನಕ ಇಡಬಹುದು ಎಂಬ ಸಾಲನ್ನು ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಕರೆಂಟು ಹೋದ ಮಧ್ಯಾಹ್ನ ಓದುವವರಿಗೆ ಅದು ಅರ್ಧ ಉತ್ತರ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ತೋರಿಸಿಕೊಂಡು ಊರಿಗೆ ಮರಳಿದವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಗಂಟೆಯ ದಾರಿಯಾಗಿರಬಹುದು, ಅನಾಫಿಲಾಕ್ಸಿಸ್ ಅಷ್ಟು ಹೊತ್ತು ಕಾಯದಿರಬಹುದು. ಮೊದಲ ಇಂಜೆಕ್ಷನ್ ವೈದ್ಯರ ಅಥವಾ ನರ್ಸ್ ಎದುರಿಗೆ ಆಗಲಿ ಎಂಬ ಸೂಚನೆ ಒಳ್ಳೆಯದೇ, ಆದರೆ ಐನೂರನೆಯದರಲ್ಲೂ ಆಗಬಹುದಾದ ಸಂಗತಿಗೆ ಅದು ಸಾಲದು. ಚುಚ್ಚಿಕೊಂಡ ಮೇಲೆ ಒಂದು ಗಂಟೆ ಮನೆಯಲ್ಲಿ ಇನ್ನೊಬ್ಬರು ಇರಲಿ. ಉಸಿರು, ಗಂಟಲು ಬಿಗಿಯುತ್ತಾ ಹೋದರೆ ಕಾಯದೆ ಹೊರಡಿ. ಮೈಗೆಲ್ಲ ಹೀಗಾದ ಮೇಲೆ ವೈದ್ಯರನ್ನು ಕೇಳದೆ ಮುಂದಿನ ಸೂಜಿ ಬೇಡ. ಈ ಮೂರು ಸಾಲನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಅಚ್ಚು ಮಾಡಿ ಕೊಡಲು ಯಾವ ನರರೋಗ ವಿಭಾಗವೂ ಕಂಪನಿಯ ಮುಂದಿನ ಪರಿಷ್ಕರಣೆಗೆ ಕಾಯಬೇಕಾಗಿಲ್ಲ.